ರಜೆ ಯಾರಿಗೆ?

ಶಾಲೆಯ ಗಂಟೆಗಳಲ್ಲೆಲ್ಲ ಮಕ್ಕಳ ಕಿವಿಗೆ ಅತ್ಯಂತ ಇಂಪಾದುದು ಕೊನೆಯ ಗಂಟೆ. ಉಪಾಧ್ಯಾಯರ ಕಿವಿಗೂ ಅದು ಅಷ್ಟೇ ಇಂಪಾದುದೆಂಬ ಸಂಗತಿಯನ್ನು ನಾವು ಸಾಮಾನ್ಯವಾಗಿ ಮಕ್ಕಳಿಗೆ ಹೇಳುವುದಿಲ್ಲ. ಈ ವರ್ಷ, ಎಂದರೆ 2026ರಲ್ಲಿ, ಗಣರಾಜ್ಯೋತ್ಸವದ ದಿನ ಸೋಮವಾರ ಬಂದಿತು. ಶನಿವಾರ, ಭಾನುವಾರ, ಸೋಮವಾರ, ಹೀಗೆ ಮೂರು ದಿನ ಒಂದರ ಬೆನ್ನಿಗೆ ಒಂದು ರಜೆ. ಸೋಮವಾರದ ಬೆಳಿಗ್ಗೆ ಧ್ವಜವಂದನೆಗೆ ಹೋಗಿಬರುವುದೊಂದನ್ನು ಬಿಟ್ಟರೆ ಉಳಿದ ಹೊತ್ತೆಲ್ಲ ನಮ್ಮದೇ. ಶುಕ್ರವಾರ ಕೊನೆಯ ಗಂಟೆಗೆ ಮುನ್ನ ನಾನು ಮೂರನೆಯ ತರಗತಿಯ ಮಕ್ಕಳಿಗೆ ರೂಢಿಯಂತೆ ಒಂದು ಮನೆಗೆಲಸ ಕೊಟ್ಟೆನು: “ನಾನು ರಜೆಯನ್ನು ಹೇಗೆ ಕಳೆದೆ? ಐದು ವಾಕ್ಯಗಳಲ್ಲಿ ಬರೆಯಿರಿ.”

ಈ ವಿಷಯವನ್ನು ನಾನು ಬಾಲ್ಯದಲ್ಲಿ ಬರೆದಿದ್ದೇನೆ. ಶಿಕ್ಷಕರ ತರಬೇತಿಯ ಕಾಲದಲ್ಲಿ ಮಾದರಿ ಪಾಠಕ್ಕೆಂದು ಕಲಿಸಿದ್ದೇನೆ. ಆಮೇಲೆ ಎಷ್ಟು ಸಾರಿ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಇಷ್ಟು ಸರಳವಾದ ಈ ಪ್ರಶ್ನೆಯೊಳಗೆ ನ್ಯಾಯ ಅನ್ಯಾಯಗಳ ಮಾತು ಅಡಗಿದೆಯೆಂಬುದು ಮಾತ್ರ ಮೊನ್ನೆಯ ಮಂಗಳವಾರದವರೆಗೆ ನನಗೆ ಹೊಳೆದಿರಲಿಲ್ಲ. ಅದು ಹೊಳೆದ ಬಗೆಯನ್ನು ಈ ಪತ್ರಿಕೆಯನ್ನು ಓದುವ ಉಪಾಧ್ಯಾಯ ಬಂಧುಗಳಿಗೂ ವಿದ್ಯಾರ್ಥಿಗಳಿಗೂ ಹೇಳಬೇಕೆಂಬ ಆಸೆಯಿಂದ ಬರೆಯುತ್ತಿದ್ದೇನೆ. ಮಕ್ಕಳಿಗೆ ಕೊಟ್ಟ ವಿಷಯವನ್ನು ಉಪಾಧ್ಯಾಯಿನಿಯೂ ಒಮ್ಮೆ ಬರೆದು ನೋಡುವುದು ಧರ್ಮವಷ್ಟೆ. ಆದುದರಿಂದ ಮೊದಲು ನನ್ನ ರಜೆಯ ವರದಿ.

ನಮ್ಮ ಮಂಜೂರು ನೀಲಗಿರಿಯ ಕುಂದಾ ಬೆಟ್ಟಗಳ ಮೇಲಣ ಒಂದು ಸಣ್ಣ ಊರು. ಮಂಜು ಅದರ ಹೆಸರಿನಲ್ಲಿಯೂ ಇದೆ, ಬೀದಿಯಲ್ಲಿಯೂ ಇದೆ. ಸುತ್ತಲೂ ಚಹದ ತೋಟಗಳು, ನಡುನಡುವೆ ಬಡಗರ ಹಟ್ಟಿಗಳು. ನಮ್ಮ ಮನೆಯೊಳಗೆ ಕನ್ನಡ, ಬಜಾರಿನಲ್ಲಿ ತಮಿಳು, ಹಟ್ಟಿಗಳಲ್ಲಿ ಕನ್ನಡದ ಒಡಹುಟ್ಟಿನಂತೆ ಕೇಳುವ ಬಡಗ ನುಡಿ. ಇಂತಹ ಊರಿನಲ್ಲಿ ಮೂವತ್ತು ದಾಟಿದ, ಮಕ್ಕಳೊಂದಿಗಳಾದ ಉಪಾಧ್ಯಾಯಿನಿ ರಸ್ತೆಯಲ್ಲಿ ಓಡುವುದೆಂದರೆ ಅದು ಸಣ್ಣ ಸುದ್ದಿಯಲ್ಲ. ಎರಡು ವರ್ಷಗಳ ಹಿಂದೆ ಬೆನ್ನುನೋವಿಗೆಂದು ವೈದ್ಯರು ದಿನವೂ ನಡೆಯಲು ಹೇಳಿದರು. ನಡೆಯುತ್ತ ನಡೆಯುತ್ತ ಒಂದು ದಿನ ಇಳಿಜಾರಿನಲ್ಲಿ ಕಾಲುಗಳು ತಾವಾಗಿಯೇ ಓಡಿದವು. ಅಂದಿನಿಂದ ರಜೆಯ ಬೆಳಗುಗಳಲ್ಲಿ ಓಡುವುದು ಅಭ್ಯಾಸವಾಯಿತು. ಚಹದ ಗಿಡಗಳ ನಡುವೆ ಕಾಟಿಗಳು ನಿಂತಿರುವ ಭಯವಿರುವುದರಿಂದ ಚೆನ್ನಾಗಿ ಬೆಳಕಾದ ಮೇಲೆಯೇ ಹೊರಡುತ್ತೇನೆ.

ಶನಿವಾರ ಬೆಳಿಗ್ಗೆ ಕುಂದಾ ಸೇತುವೆಯ ಕಡೆಯ ರಸ್ತೆಯಲ್ಲಿ ಓಡುತ್ತಿದ್ದೆನು. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಬಸ್ಸಿನ ತಂಗುದಾಣದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಮುದುಕರೊಬ್ಬರು ಗಾಬರಿಯಿಂದ ಎದ್ದು ನಿಂತು ಕೇಳಿದರು:

“ಟೀಚರಮ್ಮಾ, ಬಸ್ಸು ಹೋಗಿಬಿಟ್ಟಿತೇ?”

“ಬಸ್ಸಿಗಲ್ಲ ತಾತಾ, ಸುಮ್ಮನೆ ಓಡುತ್ತಿದ್ದೇನೆ.”

“ಸುಮ್ಮನೆಯೇ?” ಎಂದು ಅವರು ಮತ್ತೆ ಕುಳಿತರು. ಆ ಒಂದು ಮಾತಿನಲ್ಲಿ ಅವರಿಗೆ ಎಷ್ಟು ಆಶ್ಚರ್ಯವಿತ್ತೋ ಅಷ್ಟೇ ಅನುಮಾನವೂ ಇತ್ತು.

ಸುಮ್ಮನೆ ಎಂಬುದು ನಮ್ಮ ಭಾಷೆಯ ಒಂದು ಸೊಗಸಾದ ಪದ. ತಮಿಳಿನಲ್ಲಿಯೂ ಅದು ‘ಸುಮ್ಮಾ’ ಎಂದು ಇದೆ. ಕಾರಣವಿಲ್ಲದೆ, ಲಾಭ ನೋಡದೆ, ಗದ್ದಲವಿಲ್ಲದೆ ಎಂಬ ಅರ್ಥಗಳೆಲ್ಲ ಅದರೊಳಗೆ ಇವೆ. ರಜೆಯೆಂಬುದರ ತಿರುಳೇ ಈ ‘ಸುಮ್ಮನೆ’ ಎಂದು ನಾನು ಓಡುತ್ತ ಎಣಿಸಿಕೊಂಡೆನು. ಅಷ್ಟರಲ್ಲಿ ಎದುರಿನಿಂದ ಒಂದು ವಾಹನ ಬಂದಿತು. ಹಿಂದುಗಡೆ ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಒತ್ತಾಗಿ ಕುಳಿತಿದ್ದರು. ಕ್ಯಾರೆಟ್ಟು ಕೀಳುವ ಕೂಲಿಗೆ ಹೋಗುವವರು. ಒಬ್ಬಾಕೆ ನನ್ನನ್ನು ನೋಡಿ ನಕ್ಕು ಕೈಬೀಸಿದಳು. ನಾನೂ ಬೀಸಿದೆನು. ವಾಹನ ತಿರುವಿನಲ್ಲಿ ಮರೆಯಾದ ಮೇಲೆ ಒಂದು ಯೋಚನೆ ಮಾತ್ರ ಮರೆಯಾಗಲಿಲ್ಲ. ದಿನವೆಲ್ಲ ಬಾಗಿ ದುಡಿಯಲಿರುವವಳು ಕುಳಿತು ಹೋಗುತ್ತಿದ್ದಾಳೆ. ದಿನವೆಲ್ಲ ಕುಳಿತಿರಬಹುದಾದ ನಾನು ಓಡುತ್ತಿದ್ದೇನೆ. ಇವುಗಳಲ್ಲಿ ಯಾವುದು ವಿಶ್ರಾಂತಿ, ಯಾವುದು ದುಡಿಮೆ?

ಓಟವೆಂಬ ಕ್ರಿಯೆಯೊಂದನ್ನೇ ತೆಗೆದುಕೊಳ್ಳೋಣ. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಕೂಡಿಹೋದ ಮೈಸೂರು ಅಂಚೆಯ ವಿಚಾರವನ್ನು ಅನೇಕರು ಕೇಳಿರಬಹುದು. ಹಿಂದಿನ ಕಾಲದಲ್ಲಿ ಅಂಚೆಯ ಚೀಲವನ್ನು ಹೆಗಲಿಗೇರಿಸಿ, ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದು, ಕಾಡು ಮೇಡುಗಳಲ್ಲಿ ಓಡುತ್ತಿದ್ದವರಿದ್ದರು. ಅವರ ಕಾಲುಗಳೂ ನನ್ನ ಕಾಲುಗಳೂ ಮಾಡಿದ ಕೆಲಸ ಒಂದೇ. ಉಸಿರು ಬಿಗಿದದ್ದು, ಬೆವರು ಹರಿದದ್ದು ಒಂದೇ. ಬಹುಶಃ ಅವರ ಓಟ ನನ್ನದಕ್ಕಿಂತ ಚೆನ್ನಾಗಿಯೇ ಇದ್ದಿರಬೇಕು. ಆದರೂ ಅವರದು ದುಡಿಮೆ, ನನ್ನದು ವಿನೋದ. ಭೇದವೆಲ್ಲಿದೆ? ನಾನು ಬೇಸರವಾದರೆ ತಿರುವಿನ ಕಲ್ಲಿನ ಮೇಲೆ ಕುಳಿತುಬಿಡಬಹುದು. ಅಂಚೆಯವನು ಕುಳಿತುಬಿಡುವಂತಿರಲಿಲ್ಲ. ಆದುದರಿಂದ ದುಡಿಮೆಗೂ ವಿರಾಮಕ್ಕೂ ಇರುವ ಅಂತರ ಮಾಡುವ ಕೆಲಸದಲ್ಲಿಲ್ಲ. ಅದನ್ನು ನಿಲ್ಲಿಸುವ ಸ್ವಾತಂತ್ರ್ಯದಲ್ಲಿದೆ. ಈ ಸೂತ್ರ ಸಿಕ್ಕಿತೆಂದು ಶನಿವಾರ ನಾನು ಬಹಳ ಹಿಗ್ಗಿ ಮನೆಗೆ ಬಂದೆನು. ಭಾನುವಾರ ಅದು ನನ್ನನ್ನೇ ಹಿಡಿದು ಪ್ರಶ್ನಿಸಿತು.

ಭಾನುವಾರ ಬೆಳಿಗ್ಗೆ ನಾನೇ ಮನೆಯಲ್ಲಿ ಸಾರಿದೆನು: “ಇಂದು ಒಲೆ ಹಚ್ಚುವುದು ಬೇಡ. ಅತ್ತೆಯವರಿಗೂ ನನಗೂ ಅಡುಗೆಮನೆಯಿಂದ ರಜೆ. ಎಲ್ಲರೂ ಹೋಟೆಲಿಗೆ ಹೋಗೋಣ.” ನಮ್ಮ ಮನೆಯವರು ಒಪ್ಪಿದರು. ಮಕ್ಕಳು ಕುಣಿದರು. ಅತ್ತೆಯವರು ಮಾತ್ರ, “ಹಾಗಾದರೆ ಬೆಳಗಿನಿಂದ ನಾನೇನು ಮಾಡಲಿ?” ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆನು. ಆ ಮಾತು ನಗುವಂಥದಲ್ಲವೆಂದು ಆಗ ತಿಳಿಯಲಿಲ್ಲ.

ಬಜಾರಿನ ಆ ಹೋಟೆಲಿನಲ್ಲಿ ಅಂದು ಬಹಳ ಜನ. ರಜೆಯೆಂದು ಬೆಟ್ಟ ನೋಡಲು ಬಂದವರ ವಾಹನಗಳು ಬೀದಿಯ ಉದ್ದಕ್ಕೂ ನಿಂತಿದ್ದವು. ನೀಲಗಿರಿಗೆ ಇದು ಹೊಸದಲ್ಲ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ 1819ರಲ್ಲಿ ಈ ಬೆಟ್ಟಗಳಿಗೆ ಬಂದು, 1822ರಲ್ಲಿ ಉದಕಮಂಡಲದಲ್ಲಿ ಕಲ್ಲುಮನೆಯನ್ನು ಕಟ್ಟಲಾರಂಭಿಸಿದಂದಿನಿಂದ ಈ ಬೆಟ್ಟಗಳು ಬಯಲುಸೀಮೆಯ ಅನುಕೂಲವಂತರಿಗೆ ವಿಶ್ರಾಂತಿಯ ತಾಣವಾದವು. 1870ರ ಹೊತ್ತಿಗೆ ಮದರಾಸು ಸರ್ಕಾರವೇ ಬೇಸಗೆಗೆ ಇಲ್ಲಿಗೆ ಏರಿಬರತೊಡಗಿತು. ಬೆಟ್ಟದ ರೈಲು 1899ರಲ್ಲಿ ಕೂನೂರನ್ನೂ 1908ರಲ್ಲಿ ಉದಕಮಂಡಲವನ್ನೂ ಮುಟ್ಟಿತು. ಅದಕ್ಕೆ ಮುನ್ನ ದೊರೆಗಳೂ ದೊರೆಸಾನಿಯರೂ ಅವರ ಪೆಟ್ಟಿಗೆಗಳೂ ಮೇಲೆ ಬಂದದ್ದು ಮನುಷ್ಯರ ಹೆಗಲ ಮೇಲೆ, ಎತ್ತು ಕುದುರೆಗಳ ಬೆನ್ನ ಮೇಲೆ. ಒಬ್ಬರು ದಣಿವಾರಿಸಿಕೊಳ್ಳಲು ಏರುವ ಬೆಟ್ಟವನ್ನು ಇನ್ನೊಬ್ಬರು ದಣಿಯುತ್ತ ಏರಿದರು. ಈ ಇತಿಹಾಸವನ್ನು ಪಾಠದಲ್ಲಿ ಹೇಳುವಾಗ ನಾನು ಯಾವಾಗಲೂ ಹೊತ್ತವರ ಪಕ್ಷದಲ್ಲಿ ನಿಂತು ಹೇಳುತ್ತಿದ್ದೆನು; ಹೊರಿಸಿದವರ ಸಾಲಿನಲ್ಲಿ ನಾನೂ ಇರಬಹುದೆಂದು ಎಣಿಸಿರಲಿಲ್ಲ.

ದೋಸೆ ಚೆನ್ನಾಗಿತ್ತು. ಮಕ್ಕಳು ಪರೋಟ ತರಿಸಿಕೊಂಡರು. ಅತ್ತೆಯವರು ಚಟ್ನಿಗೆ ಉಪ್ಪು ಹೆಚ್ಚೆಂದು ಮೆಲ್ಲಗೆ ಹೇಳಿದರೂ ಎಲೆಯಲ್ಲಿ ಏನನ್ನೂ ಉಳಿಸಲಿಲ್ಲ. ಊಟವಾದ ಮೇಲೆ ಕೈತೊಳೆಯುವ ಜಾಗದಲ್ಲಿ ಜನ ಹೆಚ್ಚಾಗಿದ್ದುದರಿಂದ ನಾನು ಹಿಂದಿನ ಬಾಗಿಲಿನ ಕಡೆ ಹೋದೆನು. ಅಲ್ಲಿ ಒಬ್ಬ ಹೆಂಗಸು ತಟ್ಟೆಗಳ ರಾಶಿಯ ಮುಂದೆ ಕುಳಿತು ತೊಳೆಯುತ್ತಿದ್ದಳು. ಜನವರಿಯ ಆ ತಣ್ಣೀರಿನಲ್ಲಿ ಅವಳ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಪಕ್ಕದಲ್ಲಿ ಈರುಳ್ಳಿಯ ಮೂಟೆಯ ಮೇಲೆ ಒಂದು ಹುಡುಗಿ, ಮಡಿಲಲ್ಲಿ ನೋಟುಪುಸ್ತಕ. ನನ್ನನ್ನು ಕಂಡೊಡನೆ ಹುಡುಗಿ ತರಗತಿಯಲ್ಲಿ ಎದ್ದು ನಿಲ್ಲುವಂತೆ ಎದ್ದು ನಿಂತಳು. ನನ್ನ ತರಗತಿಯ ಹುಡುಗಿ.

ತಾಯಿ ಸೆರಗಿಗೆ ಕೈ ಒರಸಿಕೊಂಡು ಸಂತೋಷದಿಂದ ತಮಿಳಿನಲ್ಲಿ ಮಾತನಾಡಿಸಿದಳು. “ಬನ್ನಿ ಟೀಚರ್, ಊಟ ಚೆನ್ನಾಗಿತ್ತೇ? ಇವತ್ತು ರಜೆಯಲ್ಲವೇ, ಜನ ಬಹಳ. ಮನೆಯಲ್ಲಿ ಇವಳನ್ನು ನೋಡಿಕೊಳ್ಳುವವರಿಲ್ಲ, ಜತೆಯಲ್ಲೇ ಕರೆದುಕೊಂಡು ಬಂದೆ. ನೀವು ಏನೋ ಬರೆಯಲು ಕೊಟ್ಟಿದ್ದೀರಂತೆ. ಎಲ್ಲರೂ ಊರಿಗೆ ಹೋದದ್ದನ್ನು ಬರೆಯುತ್ತಾರೆ, ಇವಳು ಏನು ಬರೆಯುತ್ತಾಳೆ ಹೇಳಿ!” ಎಂದು ನಕ್ಕಳು. ಹುಡುಗಿ ನಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ, “ಟೀಚರ್, ಇಲ್ಲಿ ಇದ್ದದ್ದನ್ನು ಬರೆಯಬಹುದೇ?” ಎಂದು ಕೇಳಿದಳು.

“ನಿಜವಾದುದನ್ನು ಬರೆಯಬೇಕು ಮಗೂ” ಎಂದೆನು. ಉಪಾಧ್ಯಾಯಿನಿಯ ಬಾಯಿಂದ ಬರತಕ್ಕ ಉತ್ತರವೇ ಅದು. ಆದರೆ ಹೇಳಿದ ನನಗೆ ಅದರಿಂದ ನೆಮ್ಮದಿಯಾಗಲಿಲ್ಲ. ನನ್ನ ಅಡುಗೆಮನೆಗೆ ನಾನು ಕೊಟ್ಟ ರಜೆ ಎಲ್ಲಿಂದ ಬಂದಿತೆಂಬುದು ಎದುರಿಗೇ ರಾಶಿ ಬಿದ್ದಿತ್ತು. ನಾವು ತೊಳೆಯದ ತಟ್ಟೆಗಳು ಇಲ್ಲವಾಗಿರಲಿಲ್ಲ. ಇಲ್ಲಿಗೆ ಬಂದಿದ್ದವು, ಅಷ್ಟೆ.

ಮನೆಗೆ ಬಂದು ನಮ್ಮ ಮನೆಯವರಿಗೆ ಇದನ್ನು ಹೇಳಿದೆನು. ಅವರು ವಿವೇಕದ ಮಾತನ್ನೇ ಆಡಿದರು: “ನಾವು ಹೋಟೆಲಿಗೆ ಹೋಗುವುದನ್ನು ಬಿಟ್ಟರೆ ಆಕೆಗೆ ವಿಶ್ರಾಂತಿ ಸಿಕ್ಕುವುದಿಲ್ಲ, ಕೆಲಸ ಹೋಗುತ್ತದೆ. ಆಕೆಗೆ ಕೂಲಿಯಿದೆ. ನಿನ್ನ ಮರುಕದಿಂದ ಒಂದು ತಟ್ಟೆಯೂ ತೊಳೆದುಹೋಗುವುದಿಲ್ಲ.” ಈ ವಾದ ಗಟ್ಟಿಯಾದುದೆಂದು ಒಪ್ಪಲೇಬೇಕು. ವಿರಾಮವನ್ನು ಬಿಟ್ಟುಕೊಡುವುದರಿಂದ ಅದು ಇನ್ನೊಬ್ಬರಿಗೆ ತಾನಾಗಿ ಸೇರುವುದಿಲ್ಲ. ಪಶ್ಚಾತ್ತಾಪಪಡುತ್ತ ದೋಸೆ ತಿಂದರೆ ದೋಸೆಯ ರುಚಿ ಕೆಡುತ್ತದೆಯೇ ಹೊರತು ಲೋಕದ ಅನ್ಯಾಯ ಕಡಿಮೆಯಾಗುವುದಿಲ್ಲ.

ಇನ್ನೂ ಒಂದು ಆಕ್ಷೇಪವನ್ನು ನನಗೆ ನಾನೇ ಹಾಕಿಕೊಂಡೆನು. 12ನೆಯ ಶತಮಾನದ ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಎಣಿಸಿದವರು. ಅವರ ನಾಡಿನ ಮಾತನ್ನಾಡುವ ನಾವು ವಿರಾಮವನ್ನು ಹೊಗಳಬಹುದೇ? ಯೋಚಿಸಿದರೆ ಇಲ್ಲಿ ವಿರೋಧವಿಲ್ಲವೆಂದು ತೋರುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ದುಡಿದರು, ನಿಜ. ಆದರೆ ಅವರು ದುಡಿಮೆ ಮುಗಿಸಿ ಅನುಭವ ಮಂಟಪದಲ್ಲಿ ಒಟ್ಟಿಗೆ ಕುಳಿತು ಮಾತನಾಡಿದರೆಂದೇ ಪರಂಪರೆ ಹೇಳುತ್ತದೆ. ದೋಣಿ ನಡೆಸುವವನೂ ಬಟ್ಟೆ ಒಗೆಯುವವನೂ ಒಂದೇ ಹೊತ್ತಿನಲ್ಲಿ ಬಿಡುವಾಗಿ ಒಂದೇ ಕಡೆ ಸೇರದಿದ್ದರೆ ವಚನಗಳು ಹುಟ್ಟುತ್ತಿರಲಿಲ್ಲ. ಆಯ್ದ ಅಕ್ಕಿ ಬೇಕಾದುದಕ್ಕಿಂತ ಹೆಚ್ಚಾಗಿದೆಯೆಂದು ಲಕ್ಕಮ್ಮ ಗಂಡನನ್ನು ಹಿಂದಿರುಗಿಸಿದ ಕಥೆ ಎಲ್ಲರಿಗೂ ಗೊತ್ತು. ಸಾಕೆಂಬುದನ್ನು ಅರಿತವರಿಗೆ ಮಾತ್ರ ಬಿಡುವೆಂಬುದು ಇರುತ್ತದೆ.

ಗ್ರೀಕರ ಕಡೆ ನೋಡಿದರೆ ಇನ್ನೊಂದು ಪಾಠವಿದೆ. ನಾವು ದಿನವೂ ಆಡುವ ‘ಸ್ಕೂಲು’ ಎಂಬ ಇಂಗ್ಲಿಷ್ ಮಾತಿನ ಮೂಲ ಗ್ರೀಕರ ‘ಸ್ಖೊಲೆ’. ಅದರ ಅರ್ಥ ವಿರಾಮ. ಹೊಟ್ಟೆಪಾಡಿನ ಅವಸರವಿಲ್ಲದ ಹೊತ್ತಿನಲ್ಲಿ ಕಲಿಯುವ ಸ್ಥಳವೇ ಶಾಲೆಯೆಂದಾಯಿತು. ನಾವು ದುಡಿಯುವುದೇ ವಿರಾಮವನ್ನು ಪಡೆಯುವುದಕ್ಕಾಗಿ ಎಂಬ ಅಭಿಪ್ರಾಯವನ್ನು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ವಿವರಿಸಿದ್ದಾನೆ. ಆದರೆ ಆ ಮಹಾ ಪಂಡಿತನ ಕಾಲದಲ್ಲಿ ನಾಗರಿಕರ ವಿರಾಮವನ್ನು ಹೊತ್ತು ನಿಂತವರು ಗುಲಾಮರು ಮತ್ತು ಮನೆಯ ಹೆಂಗಸರು. ವಿರಾಮ ಶ್ರೇಷ್ಠವೆಂಬುದನ್ನು ಅವನು ಕಂಡನು. ಅದು ಎಲ್ಲರಿಗೂ ಸಲ್ಲತಕ್ಕದ್ದೆಂಬುದನ್ನು ಕಾಣಲಿಲ್ಲ. ಶಾಲೆಯೆಂದರೆ ವಿರಾಮವೆಂದಾದರೆ, ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಅದು ವಾರದಲ್ಲಿ ಐದು ದಿನ ಸಿಕ್ಕುತ್ತದೆ, ರಜೆಯ ದಿನ ಸಿಕ್ಕುವುದಿಲ್ಲ. ಎಂತಹ ವಿಪರ್ಯಾಸ!

ಸೋಮವಾರ ಧ್ವಜವಂದನೆ ಮುಗಿಸಿ ಹತ್ತು ಗಂಟೆಯ ಹೊತ್ತಿಗೆ ಮನೆಗೆ ಬಂದೆನು. ಗುಂಡ್ಲುಪೇಟೆಯ ಕಡೆಯಿಂದ ಬಂದಿದ್ದ ಬಂಧುಗಳು ಒಂದು ಚೀಲ ಸೊಗಡಿನ ಅವರೇಕಾಯಿ ತಂದುಕೊಟ್ಟಿದ್ದರು. ಅದನ್ನು ಸುಲಿದು ರಾತ್ರಿಯೇ ಕಾಳು ನೆನೆಹಾಕಿದ್ದೆವು. ಹಿದುಕಿದ ಅವರೇಬೇಳೆಯ ಸಾರು ಅವಸರದವರ ಅಡುಗೆಯಲ್ಲ. ನೆನೆದ ಕಾಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಬೇಕು; ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರಬೇಕು. ಎಲ್ಲರೂ ಬಿಸಿಲು ಬಿದ್ದ ಜಗಲಿಯಲ್ಲಿ ಪರಾತವನ್ನು ನಡುವಿಟ್ಟುಕೊಂಡು ಕುಳಿತೆವು. ನಮ್ಮ ಮನೆಯವರು ಒತ್ತಿದ ಬೇಳೆ ಪಾತ್ರೆಯನ್ನು ಬಿಟ್ಟು ಉಳಿದ ದಿಕ್ಕುಗಳಿಗೆಲ್ಲ ಹಾರಿತು. ಮಕ್ಕಳು ಅದನ್ನು ಹೆಕ್ಕಿ ತರುವುದನ್ನೇ ಆಟ ಮಾಡಿಕೊಂಡರು. ಅತ್ತೆಯವರು ತಮ್ಮ ತವರಿನಲ್ಲಿ ಅವರೇಕಾಯಿಯ ಕಾಲದ ಕಥೆಗಳನ್ನು ಹೇಳಿದರು. ಪಕ್ಕದ ಹಟ್ಟಿಯಿಂದ ಹಾಲು ತಂದ ಅಜ್ಜಿಯೂ ಕುಳಿತು ಒಂದು ಹಿಡಿ ಹಿದುಕಿ ಹೋದರು. ರಾಗಿ ಮುದ್ದೆಗೆ ನಮ್ಮ ಕಡೆಯಲ್ಲಿಯೂ ಹಿಟ್ಟು, ಅವರ ನುಡಿಯಲ್ಲಿಯೂ ಹಿಟ್ಟು. ಆ ಒಂದು ಪದದಿಂದಲೇ ಅರ್ಧ ಗಂಟೆಯ ಮಾತು ಬೆಳೆಯಿತು. ಕಾಯಿ, ಕೊತ್ತಂಬರಿ, ಚಕ್ಕೆ, ಲವಂಗಗಳ ಮಸಾಲೆಯನ್ನು ಹಿಂದೆ ಒರಳಿನಲ್ಲಿ ರುಬ್ಬಬೇಕಾಗಿತ್ತು. ಈಗ ಯಂತ್ರ ಎರಡು ನಿಮಿಷಗಳಲ್ಲಿ ರುಬ್ಬಿಕೊಡುತ್ತದೆ. ಊಟವಾದಾಗ ಎರಡು ಗಂಟೆ ದಾಟಿತ್ತು.

ಲೆಕ್ಕ ಹಾಕಿದರೆ ಅಂದು ನಾವು ಭಾನುವಾರಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮಾಡಿದ್ದೆವು. ಆದರೂ ಮೂರು ದಿನಗಳಲ್ಲಿ ನಿಜವಾಗಿ ರಜೆಯೆನಿಸಿದುದು ಅದೇ ದಿನ. ನನ್ನ ಸೂತ್ರಕ್ಕೆ ಇದೂ ಹೊಂದುತ್ತಿತ್ತು: ಬೇಡವೆನಿಸಿದ್ದರೆ ನಿಲ್ಲಿಸಬಹುದಾಗಿತ್ತು, ಆದುದರಿಂದ ಅದು ವಿರಾಮ. ಸೂತ್ರದಲ್ಲಿ ಏನೋ ಒಂದು ಕೊರತೆಯಿದೆಯೆಂದು ಮಾತ್ರ ಒಳಗೇ ತೋರುತ್ತಿತ್ತು. ಅದೇನೆಂಬುದನ್ನು ಮಂಗಳವಾರ ಒಂದು ನೋಟುಪುಸ್ತಕ ತೋರಿಸಿಕೊಟ್ಟಿತು.

ಮಂಗಳವಾರ ಮಕ್ಕಳು ಬರೆದುದನ್ನು ತಿದ್ದುತ್ತ ಕುಳಿತೆನು. ಅಜ್ಜಿಯ ಮನೆ, ಕ್ರಿಕೆಟ್ಟು, ಟೀವಿ, ಕುರಿಮರಿ ಎಲ್ಲ ಇದ್ದವು. ಆ ಹುಡುಗಿ ಐದಕ್ಕೆ ಐದು ವಾಕ್ಯ ಬರೆದಿದ್ದಳು. ಅವುಗಳ ಅರ್ಥ ಇಷ್ಟು: “ನಾನು ರಜೆಯಲ್ಲಿ ಅಮ್ಮನ ಜತೆ ಹೋಟೆಲಿನಲ್ಲಿ ಇದ್ದೆ. ಟೀಚರ್ ದೋಸೆ ತಿನ್ನಲು ಬಂದರು. ಅಮ್ಮನಿಗೆ ರಜೆಯ ದಿನ ಹೆಚ್ಚು ಕೆಲಸ. ಅಮ್ಮನಿಗೆ ಮಂಗಳವಾರ ರಜೆ. ಮಂಗಳವಾರ ನನಗೆ ಶಾಲೆ.”

ಕೆಂಪು ಶಾಯಿಯ ಲೇಖನಿಯನ್ನು ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತೆನು. ತಿದ್ದುವುದಕ್ಕೆ ಏನೂ ಇರಲಿಲ್ಲ. ತಾಯಿಗೆ ವಾರಕ್ಕೆ ಒಂದು ದಿನ ಬಿಡುವಿದೆ. ಮಗಳಿಗೆ ಎರಡು ದಿನವಿದೆ. ಕಾಯಿದೆಯ ದೃಷ್ಟಿಯಿಂದ ನೋಡಿದರೆ ಇಬ್ಬರಿಗೂ ಅನ್ಯಾಯವಾಗಿಲ್ಲ. ಆದರೆ ತಾಯಿಯ ಬಿಡುವೂ ಮಗಳ ಬಿಡುವೂ ಒಂದನ್ನೊಂದು ಎಂದೂ ಸಂಧಿಸುವುದಿಲ್ಲ. ನಮ್ಮ ಜಗಲಿಯ ಪರಾತದ ಸುತ್ತ ಇದ್ದುದು ಯಾವುದೋ ಅದು ಈ ಮನೆಯಲ್ಲಿ ವಾರದ ಏಳು ದಿನಗಳಲ್ಲಿ ಒಂದು ದಿನವೂ ಇಲ್ಲ. ನಿಲ್ಲಿಸುವ ಸ್ವಾತಂತ್ರ್ಯವಿದ್ದರೆ ಸಾಲದು. ನಮ್ಮವರೊಂದಿಗೆ ಒಟ್ಟಿಗೆ ನಿಲ್ಲುವ ಅವಕಾಶವೂ ಬೇಕು. ನನ್ನ ಸೂತ್ರದಲ್ಲಿ ಇದ್ದ ಕೊರತೆ ಇದೇ.

ಒಂದು ದೇಶವೇ ಈ ತಪ್ಪನ್ನು ಮಾಡಿ ನೋಡಿದ್ದುಂಟು. 1929ರಲ್ಲಿ ಸೋವಿಯತ್ ಒಕ್ಕೂಟ ಯಂತ್ರಗಳು ಎಂದೂ ನಿಲ್ಲಬಾರದೆಂದು ಭಾನುವಾರವನ್ನು ತೆಗೆದುಹಾಕಿ ಐದು ದಿನಗಳ ವಾರವನ್ನು ಜಾರಿಗೆ ತಂದಿತು. ನಾಲ್ಕು ದಿನ ದುಡಿಮೆ, ಒಂದು ದಿನ ವಿಶ್ರಾಂತಿ. ಆದರೆ ಐವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ. ಲೆಕ್ಕದಲ್ಲಿ ವಿಶ್ರಾಂತಿಯ ದಿನಗಳು ಹೆಚ್ಚಿದವು. ಗಂಡನಿಗೆ ಬಿಡುವಾದ ದಿನ ಹೆಂಡತಿಗೆ ಕೆಲಸ, ತಾಯಿಗೆ ಬಿಡುವಾದ ದಿನ ಮಕ್ಕಳಿಗೆ ಶಾಲೆ. ಮನೆಯಲ್ಲಿ ಯಾರೂ ಇಲ್ಲದ ಮೇಲೆ ರಜೆಯಿಂದೇನು ಎಂದು ಜನ ದೂರಿದರು. ಎರಡು ವರ್ಷಗಳಲ್ಲಿ, 1931ರಲ್ಲಿ, ಎಲ್ಲರಿಗೂ ಒಂದೇ ವಿಶ್ರಾಂತಿಯ ದಿನವಿರುವ ಆರು ದಿನಗಳ ವಾರಕ್ಕೆ ಬದಲಾಯಿಸಬೇಕಾಯಿತು. 1940ರಲ್ಲಿ ಏಳು ದಿನಗಳ ವಾರವೂ ಭಾನುವಾರವೂ ಮರಳಿ ಬಂದವು.

ನಮ್ಮ ಭಾನುವಾರವಾದರೂ ಆಕಾಶದಿಂದ ಬಿದ್ದುದಲ್ಲ. ಮುಂಬಯಿಯ ಬಟ್ಟೆ ಗಿರಣಿಗಳ ಕೂಲಿಗಾರರಿಗೆ ವಾರದ ರಜೆಯೆಂಬುದಿರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಕೇಳಿದ ಮೇಲೆ 1890ರಲ್ಲಿ ಗಿರಣಿಯ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ವಿಶ್ರಾಂತಿಯೂ ವಿರಾಮವೂ ಮನುಷ್ಯನ ಹಕ್ಕುಗಳೆಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೆಯ ವಿಧಿ ಸಾರಿತು. ನಮ್ಮ ಸುತ್ತಣ ಚಹದ ತೋಟಗಳಂತಹ ಕಡೆಗಳಲ್ಲಿ ಏಳು ದಿನಗಳಿಗೊಂದು ದಿನ ವಿಶ್ರಾಂತಿಯೆಂಬುದಕ್ಕೆ 1951ರ ತೋಟ ಕಾರ್ಮಿಕರ ಕಾಯಿದೆ ಎಡೆಮಾಡಿತು. ನಾನು ಭಾನುವಾರ ಸುಖವಾಗಿ ಮಲಗುವುದು ನನ್ನ ಪುಣ್ಯದಿಂದಲ್ಲ. ಹೆಸರು ತಿಳಿಯದ ಎಷ್ಟೋ ಜನರು ಕೇಳಿ, ಹೋರಾಡಿ ಪಡೆದ ಗಳಿಕೆಯಿಂದ.

ವಿರಾಮವನ್ನು ಎಲ್ಲರಿಗೂ ಹಂಚುವುದಕ್ಕೆ ಲೋಕದಲ್ಲಿ ಶಕ್ತಿ ಸಾಲದೆಂದು ಹೇಳುವಂತೆಯೂ ಇಲ್ಲ. ಕೆನಡಾ ದೇಶದ ನೆರವಿನಿಂದ 1950ರ ದಶಕದಲ್ಲಿ ಕೆಲಸ ಆರಂಭವಾದ ಕುಂದಾ ಜಲವಿದ್ಯುತ್ ಯೋಜನೆ ನಮ್ಮ ಊರಿನ ಪಕ್ಕದಲ್ಲಿಯೇ ಇದೆ. ಬೆಟ್ಟದ ಮೇಲೆ ಬಿದ್ದ ಮಳೆ ಕೊಳವೆಗಳಲ್ಲಿ ಇಳಿದು ಚಕ್ರಗಳನ್ನು ತಿರುಗಿಸುತ್ತದೆ. ಅತ್ತೆಯವರ ತೋಳು ಅರ್ಧ ಗಂಟೆ ರುಬ್ಬುತ್ತಿದ್ದುದನ್ನು ಅಂತಹ ವಿದ್ಯುತ್ತು ಎರಡು ನಿಮಿಷಗಳಲ್ಲಿ ಮುಗಿಸುತ್ತದೆ. ಉಳಿದ ಇಪ್ಪತ್ತೆಂಟು ನಿಮಿಷಗಳು ಎಲ್ಲಿಗೆ ಹೋದವು? ಬರ್ಟ್ರೆಂಡ್ ರಸೆಲ್ಲರು 1932ರಲ್ಲಿಯೇ ಈ ಬಗೆಯ ಪ್ರಶ್ನೆಯನ್ನು ಎತ್ತಿದ್ದರು. ಯಂತ್ರಗಳಿರುವಾಗ ದಿನಕ್ಕೆ ನಾಲ್ಕು ಗಂಟೆಯ ದುಡಿಮೆ ಸಾಕಾಗಬೇಕು; ಆದರೆ ನಾವು ಕೆಲವರಿಗೆ ಮೈಮುರಿಯುವ ಕೆಲಸವನ್ನೂ ಕೆಲವರಿಗೆ ನಿರುದ್ಯೋಗವನ್ನೂ ಹಂಚಿದ್ದೇವೆ ಎಂಬುದು ಅವರ ವಾದ. ನಾಲ್ಕು ಗಂಟೆಯ ಲೆಕ್ಕ ಸರಿಯೋ ತಪ್ಪೋ ತಿಳಿದವರು ನಿರ್ಣಯಿಸಲಿ. ಕೊರತೆಯಿರುವುದು ವಿರಾಮದಲ್ಲಲ್ಲ, ಅದರ ಹಂಚಿಕೆಯಲ್ಲಿ ಎಂಬ ಮಾತನ್ನು ಮಾತ್ರ ಹೋಟೆಲಿನ ಹಿಂಬಾಗಿಲು ಕಂಡವರು ಅಲ್ಲಗಳೆಯಲಾರರು.

ಹಾಗಾದರೆ ನನ್ನ ಕರ್ತವ್ಯವೇನು? ಓಡುವುದನ್ನು ಬಿಡುತ್ತೇನೆಯೇ? ಬಿಡುವುದಿಲ್ಲ. ಹೋಟೆಲಿಗೆ ಹೋಗುವುದನ್ನು? ಅದನ್ನೂ ಬಿಡುವುದಿಲ್ಲ. ವಿರಾಮ ಪಾಪವಲ್ಲ. ಆದರೆ ನನ್ನ ವಿರಾಮವನ್ನು ಯಾರು ಹೊತ್ತಿದ್ದಾರೆಂಬುದನ್ನು ತಿಳಿಯದೆ ಇರುವುದು, ತಿಳಿದ ಮೇಲೆ ಅವರ ಸರದಿ ಯಾವಾಗ ಎಂದು ಕೇಳದೆ ಇರುವುದು ತಪ್ಪು. ರಜೆ ಒಬ್ಬರ ಸೊತ್ತಲ್ಲ, ಸರದಿ. ನನ್ನ ಸರದಿ ಮುಗಿದ ಮೇಲೆ ಬೇರೊಬ್ಬರ ಸರದಿ ಬರುವಂತೆ ನೋಡಿಕೊಳ್ಳುವುದು ನನ್ನ ಮೇಲಿನ ಋಣ. ಸಾಧ್ಯವಾದಷ್ಟು ಮಟ್ಟಿಗೆ ಆ ಸರದಿಗಳು ಒಂದೇ ಸಲ ಬರುವಂತೆ ಮಾಡುವುದು ಸಮಾಜದ ಮೇಲಿನ ಋಣ. ಆ ತಾಯಿಗೆ ತಿಂಗಳಿಗೆ ಒಂದು ಭಾನುವಾರವಾದರೂ ಬಿಡುವು ದೊರೆಯುವಂತಿದೆಯೇ ಎಂದು ಹೋಟೆಲಿನ ಯಜಮಾನರನ್ನು ಕೇಳಿದ್ದೇನೆ. “ನೋಡೋಣ ಟೀಚರ್” ಎಂದಿದ್ದಾರೆ. ಅದಕ್ಕಿಂತ ಹೆಚ್ಚಿಗೆ ಇನ್ನೂ ಏನೂ ಆಗಿಲ್ಲ. ಆಗಿದೆಯೆಂದು ಬರೆದರೆ ಆ ಹುಡುಗಿಗೆ ನಾನು ಹೇಳಿದ ಮಾತಿಗೆ ತಪ್ಪಿದಂತಾಗುತ್ತದೆ.

ತರಗತಿಯಲ್ಲಿ ಮಾತ್ರ ಒಂದು ಬದಲಾವಣೆ ಮಾಡಿದ್ದೇನೆ. “ನಾನು ರಜೆಯನ್ನು ಹೇಗೆ ಕಳೆದೆ?” ಎಂಬ ವಿಷಯವನ್ನು ಕೈಬಿಟ್ಟು, “ನಮ್ಮ ಮನೆಯಲ್ಲಿ ಯಾರಿಗೆ ಯಾವಾಗ ರಜೆ?” ಎಂಬುದನ್ನು ಕೊಟ್ಟಿದ್ದೇನೆ. ಉಪಾಧ್ಯಾಯ ಬಂಧುಗಳು ತಮ್ಮ ತರಗತಿಗಳಲ್ಲಿ ಇದನ್ನು ಕೊಟ್ಟು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮನೆಯ ಪ್ರತಿಯೊಬ್ಬರಿಗೂ ಕೇಳಲಿ, ಅಡುಗೆಮನೆಯಲ್ಲಿರುವವರನ್ನು ಮೊದಲು ಕೇಳಲಿ.

ಮಕ್ಕಳಿಗೆ ಕೊಟ್ಟುದನ್ನು ನಾನೂ ಮಾಡಬೇಕಷ್ಟೆ. ಅಂದು ಸಂಜೆ ಅತ್ತೆಯವರನ್ನು ಕೇಳಿದೆನು: “ಅತ್ತೆ, ನಿಮಗೆ ಯಾವಾಗ ರಜೆ?” ಅವರು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಿ ಸ್ವಲ್ಪ ಯೋಚಿಸಿ ಹೇಳಿದರು: “ನನಗೇನು ರಜೆ ಬಂತೇ? ಭಾನುವಾರ ಹೋಟೆಲಿಗೆ ಕರೆದುಕೊಂಡು ಹೋದೆ, ಹೊತ್ತೇ ಹೋಗಲಿಲ್ಲ. ಮೊನ್ನೆ ಅವರೇಕಾಳು ಹಿದುಕಿದೆವು ನೋಡು, ಅದು ರಜೆ ಇದ್ದ ಹಾಗಿತ್ತು. ಎಲ್ಲರೂ ಕುಳಿತಿದ್ದಿರಿ.”